ಮಾತನಾಡುವ ಪೆಟ್ಟಿಗೆಯೂ ನಕ್ಕ ಜನರೂ

ಹೊಸ ಯಂತ್ರವೊಂದು ಪೇಟೆಗೆ ಬಂದಿತೆಂದರೆ ಅದರ ಹಿಂದೆಯೇ ಅದನ್ನು ಕುರಿತ ಅಭಿಪ್ರಾಯಗಳೂ ಬರುತ್ತವೆ. ಕೆಲವೊಮ್ಮೆ ಅಭಿಪ್ರಾಯವೇ ಮೊದಲು ಬಂದು ಯಂತ್ರ ಆಮೇಲೆ ಬರುವುದೂ ಉಂಟು. ಯಂತ್ರವನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅದರ ಬಗ್ಗೆ ತೀರ್ಪು ಕೊಡುವುದಕ್ಕೆ ಮಾತ್ರ ಯಾರಿಗೂ ಬಡತನವಿಲ್ಲ. ಹೋಟೆಲಿನ ಮೇಜಿನ ಸುತ್ತ ಎರಡು ಲೋಟ ಕಾಫಿಯನ್ನು ಮೂವರು ಹಂಚಿಕೊಂಡು ಕುಳಿತಾಗ, ಪತ್ರಿಕೆಯಲ್ಲಿ ಬಂದ ಹೊಸ ಉಪಕರಣದ ಸುದ್ದಿ ಹತ್ತು ನಿಮಿಷದಲ್ಲಿ ವಿಚಾರಣೆಗೆ ಬಂದು, ವಾದ ಪ್ರತಿವಾದಗಳು ಮುಗಿದು, ಶಿಕ್ಷೆಯೂ ಜಾರಿಯಾಗಿರುತ್ತದೆ. ಒಬ್ಬರು ಅದನ್ನು ಆಟದ ಸಾಮಾನೆನ್ನುತ್ತಾರೆ. ಇನ್ನೊಬ್ಬರು ಅದರಿಂದ ಮಕ್ಕಳು ಕೆಟ್ಟರೆನ್ನುತ್ತಾರೆ. ಮೂರನೆಯವರು ಅದು ಲೋಕವನ್ನೇ ಬದಲಿಸುತ್ತದೆ ಎನ್ನುತ್ತಾರೆ. ಬಿಲ್ಲು ಬಂದಾಗ ಮೂವರೂ ಮೌನಿಗಳಾಗುತ್ತಾರೆ.

ಈ ಪದ್ಧತಿ ನಮ್ಮ ಕಾಲದ್ದಲ್ಲ. ಕ್ರಿಸ್ತಪೂರ್ವ 263ರಲ್ಲಿ ರೋಮ್ ನಗರಕ್ಕೆ ಮೊದಲ ಸಾರ್ವಜನಿಕ ನೆರಳುಗಡಿಯಾರ ಬಂತೆಂದೂ, ಅದನ್ನು ಸಿಸಿಲಿ ದ್ವೀಪದ ಕಟಾನಿಯಾದಿಂದ ಯುದ್ಧದ ಕೊಳ್ಳೆಯಾಗಿ ಹೊತ್ತು ತಂದರೆಂದೂ ಪ್ಲಿನಿ ಬರೆದಿಟ್ಟಿದ್ದಾನೆ. ದಕ್ಷಿಣದ ಊರಿನ ಸೂರ್ಯನಿಗಾಗಿ ಗೆರೆ ಎಳೆದ ಗಡಿಯಾರ ರೋಮಿನ ಸೂರ್ಯನಿಗೆ ಸರಿಹೋಗಲಿಲ್ಲ. ಆದರೂ ರೋಮನರು ತೊಂಬತ್ತೊಂಬತ್ತು ವರ್ಷ ಆ ತಪ್ಪು ಗಡಿಯಾರಕ್ಕೇ ವಿಧೇಯರಾಗಿ ನಡೆದರಂತೆ. ಆ ಕಾಲದ ಲ್ಯಾಟಿನ್ ನಾಟಕವೊಂದರ ತುಣುಕು ಉಳಿದುಬಂದಿದೆ. ಅದು ಪ್ಲೌಟಸನದೆಂದು ಹೇಳುತ್ತಾರೆ. ಅದರಲ್ಲಿ ಕಂಡವರ ಮನೆಯ ಊಟವನ್ನೇ ನಂಬಿದ ಒಬ್ಬ ಹೊಟ್ಟೆಬಾಕ ನೆರಳುಗಡಿಯಾರ ಕಂಡುಹಿಡಿದವನಿಗೆ ಶಾಪ ಹಾಕುತ್ತಾನೆ. ತನ್ನ ಬಾಲ್ಯದಲ್ಲಿ ಹೊಟ್ಟೆಯೇ ಗಡಿಯಾರವಾಗಿತ್ತು, ಅದಕ್ಕಿಂತ ಸರಿಯಾದ ಗಡಿಯಾರ ಬೇರೆ ಇರಲಿಲ್ಲ; ಈಗಲಾದರೋ ಎದುರಿಗೆ ಅನ್ನವಿದ್ದರೂ ಸೂರ್ಯ ಒಪ್ಪುವವರೆಗೆ ಉಣ್ಣುವಂತಿಲ್ಲ ಎಂಬುದು ಅವನ ಅಳಲು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಈ ನಗೆಯಲ್ಲಿ ಒಂದು ಸತ್ಯವಿದೆ. ಯಂತ್ರ ಮನೆಗೆ ಬಂದಾಗ ಒಂದು ಸೌಕರ್ಯ ಬರುತ್ತದೆ, ಒಂದು ಅಧಿಕಾರ ಕೈಬಿಟ್ಟು ಹೋಗುತ್ತದೆ. ಹಸಿದವನಿಗೆ ಅದು ಮೊದಲು ತಿಳಿಯಿತು.

ಇಂಥ ಅಭಿಪ್ರಾಯಗಳಿಗೂ ಒಂದು ಚರಿತ್ರೆಯುಂಟು. ಅದನ್ನೆಲ್ಲ ಹೇಳಹೊರಟರೆ ಈ ಹೊತ್ತು ಸಾಲದು. ಆದ್ದರಿಂದ ಒಂದೇ ಒಂದು ಪೆಟ್ಟಿಗೆಯನ್ನು ಎತ್ತಿಕೊಳ್ಳುತ್ತೇನೆ. ಅದು ನಮ್ಮ ಹಿರಿಯರು ಹಾಡುವ ಪೆಟ್ಟಿಗೆಯೆಂದು ಕರೆದ ಗ್ರಾಮಫೋನು.

1877ರ ಡಿಸೆಂಬರಿನಲ್ಲಿ ಅಮೆರಿಕದ ಥಾಮಸ್ ಆಲ್ವಾ ಎಡಿಸನ್ ನ್ಯೂಯಾರ್ಕಿನ ವಿಜ್ಞಾನ ಪತ್ರಿಕೆಯೊಂದರ ಕಚೇರಿಗೆ ಒಂದು ಪುಟ್ಟ ಯಂತ್ರವನ್ನು ಕೊಂಡೊಯ್ದ. ತವರದ ತಗಡನ್ನು ಸುತ್ತಿದ ಒಂದು ಉರುಳೆ, ತಿರುಗಿಸಲು ಒಂದು ಹಿಡಿ, ಗೀರು ಕೊರೆಯುವ ಒಂದು ಸೂಜಿ, ಇಷ್ಟೇ ಅದರ ಸಂಪತ್ತು. ಹಿಡಿಯನ್ನು ತಿರುಗಿಸಿದಾಗ ಯಂತ್ರ ಅಲ್ಲಿದ್ದವರ ಯೋಗಕ್ಷೇಮ ವಿಚಾರಿಸಿ, ತನ್ನ ಬಗ್ಗೆ ಏನನ್ನಿಸಿತೆಂದು ಕೇಳಿ, ಕೊನೆಗೆ ಶುಭರಾತ್ರಿ ಹೇಳಿತು. ಇಷ್ಟು ಮರ್ಯಾದಸ್ಥ ಯಂತ್ರವನ್ನು ಲೋಕ ಅದುವರೆಗೆ ಕಂಡಿರಲಿಲ್ಲ.

ಮೂರು ತಿಂಗಳ ಮೇಲೆ, 1878ರ ಮಾರ್ಚ್ 11ರಂದು, ಇದೇ ಫೋನೋಗ್ರಾಫು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸಭೆಗೆ ಬಂತು. ಅಲ್ಲಿ ನಡೆದುದನ್ನು ಖಗೋಳ ಲೇಖಕ ಕಮೀಲ್ ಫ್ಲಾಮಾರಿಯೋನ್ ಕಣ್ಣಾರೆ ಕಂಡು ಬರೆದಿದ್ದಾನೆ. ಯಂತ್ರ ಮಾತನಾಡತೊಡಗಿದ್ದೇ ತಡ, ವಯೋವೃದ್ಧ ಸದಸ್ಯರೊಬ್ಬರು ಪೀಠದಿಂದೆದ್ದು ಬಂದು, ಯಂತ್ರವನ್ನು ತೋರಿಸುತ್ತಿದ್ದವನ ಕೊರಳಪಟ್ಟಿ ಹಿಡಿದರು. ತುಟಿ ಅಲ್ಲಾಡಿಸದೆ ಹೊಟ್ಟೆಯಿಂದ ಮಾತು ಹೊರಡಿಸುವ ಗಾರುಡಿಗನಿಂದ ಮೋಸಹೋಗುವವರು ತಾವಲ್ಲವೆಂದು ಗರ್ಜಿಸಿದರು. ಅವರು ಡಾಕ್ಟರ್ ಬುಯೊ. ಅಷ್ಟಕ್ಕೇ ಬಿಡಲಿಲ್ಲ; ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ವಿಷಯವನ್ನು ಚೆನ್ನಾಗಿ ಪರಿಶೀಲಿಸಿದ್ದಾಗಿಯೂ, ಅದು ಗಾರುಡಿಗನ ಕೈಚಳಕವೇ ಎಂಬುದರಲ್ಲಿ ತಮಗೆ ಸಂಶಯವಿಲ್ಲವೆಂದೂ ಸಭೆಗೆ ತಿಳಿಸಿದರು. ಮನುಷ್ಯನ ಉದಾತ್ತವಾದ ವಾಗಿಂದ್ರಿಯದ ಕೆಲಸವನ್ನು ಒಂದು ತುಚ್ಛ ಲೋಹ ಮಾಡಬಲ್ಲುದೆಂದು ಅವರು ಒಪ್ಪಲಾರದೆ ಹೋದರು.

ಈ ಕಥೆಯನ್ನು ಕೇಳಿ ನಗುವುದು ಸುಲಭ. ಆದರೆ ಬುಯೊ ಮೂರ್ಖರಲ್ಲ. ಮಾತನಾಡುವ ಶಕ್ತಿಗೆ ಮೆದುಳಿನ ಮುಂಭಾಗವೇ ನೆಲೆಯೆಂದು 1825ರಷ್ಟು ಹಿಂದೆಯೇ ವಾದಿಸಿ, ಆ ವಾದಕ್ಕಾಗಿ ದಶಕಗಟ್ಟಲೆ ಹೋರಾಡಿದ ವೈದ್ಯರು ಅವರು. ಮಾತೆಂಬುದು ಎಂಥ ಸೂಕ್ಷ್ಮ ವ್ಯಾಪಾರ, ಮೆದುಳಿನ ಒಂದು ಚೂರು ಕೆಟ್ಟರೆ ಹೇಗೆ ಬುದ್ಧಿವಂತನೂ ಮೂಕನಾಗುತ್ತಾನೆ ಎಂಬುದನ್ನು ಆ ಸಭೆಯಲ್ಲಿ ಅವರಷ್ಟು ಬಲ್ಲವರು ವಿರಳ. ಅರಿವೇ ಅವರಿಗೆ ಅಡ್ಡಬಂತು. ಮಾತಿನ ಹುಟ್ಟು ಅಷ್ಟು ಜಟಿಲವೆಂದು ತಿಳಿದವರಿಗೆ, ಮಾತಿನ ನೆರಳನ್ನು ಹಿಡಿಯಲು ಒಂದು ತಗಡು ಸಾಕೆಂಬುದು ಅವಮಾನವಾಗಿ ಕಂಡಿರಬೇಕು. ಯಂತ್ರ ಮಾತನ್ನು ಹುಟ್ಟಿಸುತ್ತಿಲ್ಲ, ಹುಟ್ಟಿದ ಮಾತನ್ನು ಗೀರು ಮಾಡಿ ಇಟ್ಟುಕೊಂಡಿದೆ ಅಷ್ಟೆ ಎಂಬ ಭೇದ ಅವರಿಗೆ ಹೊಳೆಯಲಿಲ್ಲ.

ಹಾಗಾದರೆ ಯಂತ್ರ ಮಾಡಿದವನಿಗಾದರೂ ಅದರ ಮರ್ಮ ತಿಳಿದಿತ್ತೇ? 1878ರ ಜೂನಿನಲ್ಲಿ ಎಡಿಸನ್ ಒಂದು ಅಮೆರಿಕನ್ ಪತ್ರಿಕೆಗೆ ಲೇಖನ ಬರೆದು ತನ್ನ ಯಂತ್ರದ ಹತ್ತು ಉಪಯೋಗಗಳನ್ನು ಪಟ್ಟಿಮಾಡಿದ. ಮೊದಲನೆಯದು ಪತ್ರವ್ಯವಹಾರ: ದಣಿಗಳು ಹೇಳಿದ್ದನ್ನು ಗುಮಾಸ್ತರಿಲ್ಲದೆ ಹಿಡಿದಿಡುವುದು. ಅನಂತರ ಕುರುಡರಿಗಾಗಿ ಓದಿಟ್ಟ ಪುಸ್ತಕಗಳು, ವಾಕ್ಚಾತುರ್ಯದ ಪಾಠ. ಸಂಗೀತಕ್ಕೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಅದಾದ ಮೇಲೆ ಮರಣಶಯ್ಯೆಯಲ್ಲಿರುವ ಬಂಧುಗಳ ಕೊನೆಯ ನುಡಿಗಳ ಸಂಗ್ರಹ, ಮಾತನಾಡುವ ಬೊಂಬೆಗಳು, ಊಟದ ಹೊತ್ತಾಯಿತು ಮನೆಗೆ ಹೋಗಿ ಎಂದು ಬಾಯಿಬಿಟ್ಟು ಹೇಳುವ ಗಡಿಯಾರ, ಹೀಗೆ. ಆ ರೋಮಿನ ಹೊಟ್ಟೆಬಾಕ ಈ ಕೊನೆಯ ಗಡಿಯಾರವನ್ನು ಕಂಡಿದ್ದರೆ ಎಡಿಸನ್ನನಿಗೆ ಶಾಪ ಹಾಕುತ್ತಿರಲಿಲ್ಲವೆಂದು ತೋರುತ್ತದೆ.

ವ್ಯಾಪಾರದಲ್ಲಿ ಎಡಿಸನ್ ನಂಬಿದ್ದು ಮೊದಲನೆಯ ಉಪಯೋಗವನ್ನೇ. ನಡುವೆ ವಿದ್ಯುದ್ದೀಪದ ಕೆಲಸಕ್ಕೆ ಹೋಗಿ, ಹತ್ತು ವರ್ಷದ ಮೇಲೆ ಈ ಪೆಟ್ಟಿಗೆಯತ್ತ ಮರಳಿದಾಗಲೂ ಅದನ್ನು ಕಚೇರಿಗಳಿಗೆ ಬಾಡಿಗೆಗೆ ಕೊಡುವುದೇ ಯೋಜನೆಯಾಗಿತ್ತು. ಕಚೇರಿಗಳಿಗೆ ಅದು ಹಿಡಿಸಲಿಲ್ಲ. ಶೀಘ್ರಲಿಪಿಕಾರರಿಗಂತೂ ಅದು ಕಣ್ಣುರಿ. 1889ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಲೂಯಿ ಗ್ಲಾಸ್ ಎಂಬ ವ್ಯಾಪಾರಿ, ಬಾಡಿಗೆಗೆ ಹೋಗದ ಯಂತ್ರಕ್ಕೆ ಕಾಸು ಹಾಕುವ ಕಿಂಡಿ ಜೋಡಿಸಿ ಒಂದು ಪಾನಗೃಹದಲ್ಲಿ ಇಟ್ಟ. ಕಿವಿಗೆ ನಳಿಗೆ ಹಚ್ಚಿಕೊಂಡು ಹಾಡು ಕೇಳಲು ಜನ ಸಾಲುಗಟ್ಟಿದರು. ಆರು ತಿಂಗಳಲ್ಲಿ ಆ ಪೆಟ್ಟಿಗೆ ಸಾವಿರ ಡಾಲರಿಗೂ ಹೆಚ್ಚು ದುಡಿಯಿತು. ಯಂತ್ರದ ಮುಂದಿನ ದಾರಿಯನ್ನು ತೋರಿಸಿದವರು ಕಂಡುಹಿಡಿದವನೂ ಅಲ್ಲ, ನಕ್ಕವರೂ ಅಲ್ಲ; ಕೈಯಲ್ಲಿ ಒಂದು ಕಾಸು, ಮನಸ್ಸಿನಲ್ಲಿ ಹಾಡಿನ ಆಸೆ ಇದ್ದ ಹೆಸರಿಲ್ಲದ ಜನ. ಎಡಿಸನ್ ಬೊಂಬೆಗಳನ್ನೂ ಮಾಡಿಸಿದ. 1890ರಲ್ಲಿ ಅವು ಅಂಗಡಿಗೆ ಬಂದವು. ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫು ಇಟ್ಟುಕೊಂಡ ಆ ಬೊಂಬೆಗಳ ದನಿ ಎಷ್ಟು ಕರ್ಕಶವೆಂದರೆ, ಮಕ್ಕಳನ್ನು ರಮಿಸುವುದಕ್ಕಿಂತ ಹೆದರಿಸುವುದಕ್ಕೇ ಅವು ತಕ್ಕವಾಗಿದ್ದವು. ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಈ ಮಾತಿನ ಯಂತ್ರದ ಜನಕನಿಗೆ ಕಿವಿ ಮಂದವಾಗಿತ್ತೆಂಬುದನ್ನೂ, ಪಿಯಾನೋದ ಮರವನ್ನು ಹಲ್ಲಿನಿಂದ ಕಚ್ಚಿ ಅದರ ಕಂಪನದಿಂದ ಸಂಗೀತ ಗ್ರಹಿಸುತ್ತಿದ್ದನೆಂಬುದನ್ನೂ ನೆನೆದರೆ, ವಿಧಿಗೂ ಹಾಸ್ಯಪ್ರಜ್ಞೆಯಿದೆ ಎನ್ನಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಯಂತ್ರಗಳ ಬಗ್ಗೆ ಹಿಂದಿನವರು ಆಡಿದರೆನ್ನಲಾದ ಪೆದ್ದು ಮಾತುಗಳನ್ನೆಲ್ಲ ನಂಬಬಾರದು. ಕಂಡುಹಿಡಿಯಬೇಕಾದುದೆಲ್ಲ ಮುಗಿದುಹೋಯಿತು, ಇನ್ನು ಪೇಟೆಂಟ್ ಕಚೇರಿ ಏಕೆ ಎಂದು ಅಮೆರಿಕದ ಪೇಟೆಂಟ್ ಆಯುಕ್ತ ಚಾರ್ಲ್ಸ್ ಡ್ಯೂಯೆಲ್ 1899ರಲ್ಲಿ ಹೇಳಿದನೆಂದು ನೂರಾರು ಪುಸ್ತಕಗಳಲ್ಲಿದೆ. ಆತ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಅವನ ವರದಿಗಳು ಪೇಟೆಂಟುಗಳ ಸಂಖ್ಯೆ ಬೆಳೆಯುತ್ತಿರುವುದನ್ನೇ ಸಾರುತ್ತವೆ. ಲೋಕಕ್ಕೆಲ್ಲ ಐದು ಕಂಪ್ಯೂಟರುಗಳು ಸಾಕೆಂದು ಐ.ಬಿ.ಎಂ.ನ ವಾಟ್ಸನ್ 1943ರಲ್ಲಿ ನುಡಿದನೆಂಬುದಕ್ಕೂ ಇದೇ ಗತಿ. ತಾವು ಹಿಂದಿನವರಿಗಿಂತ ಜಾಣರೆಂದು ತೋರಿಸಿಕೊಳ್ಳಲು ಜನ ಹಿಂದಿನವರ ಬಾಯಲ್ಲಿ ಪೆದ್ದುತನವನ್ನು ತುರುಕುತ್ತಾರೆ. ನಿಜವಾಗಿ ಆಡಿದ ಮಾತುಗಳೇ ಬೇಕಾದಷ್ಟಿರುವಾಗ ಕಟ್ಟುಕಥೆಯ ಅಗತ್ಯವಾದರೂ ಏನು? ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ 1879ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದರ ಮುಂದೆ ಹೇಳಿದ್ದು ದಾಖಲೆಯಲ್ಲಿದೆ. ಅಮೆರಿಕದವರಿಗೆ ಟೆಲಿಫೋನು ಬೇಕಾದೀತು, ನಮ್ಮಲ್ಲಾದರೋ ಓಡಾಡುವ ಹುಡುಗರು ಹೇರಳವಾಗಿದ್ದಾರೆ. ತನ್ನ ಕಚೇರಿಯಲ್ಲೂ ಒಂದು ಟೆಲಿಫೋನಿದೆ, ಅದು ನೋಟಕ್ಕೆ. ಸುದ್ದಿ ಕಳಿಸಬೇಕಾದರೆ ಹುಡುಗನನ್ನೇ ಓಡಿಸುತ್ತೇನೆ ಎಂಬುದು ಅವನ ಹೇಳಿಕೆಯ ಸಾರ. ಇದೇ ಪ್ರೀಸ್ ಮುಂದೆ 1896ರಲ್ಲಿ ಲಂಡನ್ನಿಗೆ ಬಂದ ಮಾರ್ಕೋನಿ ಎಂಬ ತರುಣನ ತಂತಿಯಿಲ್ಲದ ತಂತಿಗೆ ಬೆನ್ನೆಲುಬಾಗಿ ನಿಂತ. ಒಂದು ಪೆಟ್ಟಿಗೆಯ ವಿಚಾರದಲ್ಲಿ ಎಡವಿದವನು ಇನ್ನೊಂದರಲ್ಲಿ ದೂರದರ್ಶಿಯಾಗಬಹುದು. ಆದ್ದರಿಂದ ಅಭಿಪ್ರಾಯವನ್ನು ನಕ್ಕರೂ ಮನುಷ್ಯನನ್ನು ಪೂರ್ತಿ ನಗಬಾರದು.

ಗ್ರಾಮಫೋನಿನ ಇತಿಹಾಸದಲ್ಲಿ ಯಾವ ಅಭಿಪ್ರಾಯವನ್ನೂ ವ್ಯಕ್ತಪಡಿಸದೆ ಕೀರ್ತಿ ಪಡೆದ ಶ್ರೋತೃ ಒಬ್ಬನೇ. ಅವನೇ ತುತ್ತೂರಿಯ ಮುಂದೆ ತಲೆ ಓರೆಮಾಡಿ ಕುಳಿತ ನಾಯಿ ನಿಪ್ಪರ್. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಬರೆದದ್ದು ನಾಯಿ ಎಡಿಸನ್ನನ ಉರುಳೆಯ ಯಂತ್ರವನ್ನು ಕೇಳುತ್ತಿರುವಂತೆ. ಆ ಕಂಪನಿಯವರು ನಾಯಿಗಳು ಫೋನೋಗ್ರಾಫು ಕೇಳುವುದಿಲ್ಲವೆಂದು ಚಿತ್ರವನ್ನು ತಿರಸ್ಕರಿಸಿದರೆಂದು ಕಥೆ. 1899ರಲ್ಲಿ ಬರಾಡ್ ಉರುಳೆಯನ್ನು ಅಳಿಸಿ, ಬರ್ಲಿನರನ ಚಪ್ಪಟೆ ತಟ್ಟೆಯ ಗ್ರಾಮಫೋನು ಬರೆದು, ಪ್ರತಿಸ್ಪರ್ಧಿ ಕಂಪನಿಗೆ ಮಾರಿದ. ನಾಯಿಮಾರ್ಕಿನ ಪ್ಲೇಟು ಎಂಬ ಮಾತು ಕನ್ನಡದ ಮನೆಮನೆಗೆ ಬಂದದ್ದು ಹೀಗೆ. ನಾಯಿಯ ಮುಖದಲ್ಲಿ ನಗೆಯಿಲ್ಲ, ಭಯವಿಲ್ಲ. ಕೇಳುವ ಶ್ರದ್ಧೆಯೊಂದೇ ಇದೆ.

ಅಮೆರಿಕದಲ್ಲಿ ಈ ಪೆಟ್ಟಿಗೆಗೆ ಹೆದರಿದವರಲ್ಲಿ ಮುಖ್ಯನಾದವನು ಬ್ಯಾಂಡ್ ಸಂಗೀತದ ಸಾಮ್ರಾಟ ಜಾನ್ ಫಿಲಿಪ್ ಸೂಸಾ. 1906ರಲ್ಲಿ ಆತ ಯಾಂತ್ರಿಕ ಸಂಗೀತದ ವಿಪತ್ತನ್ನು ಕುರಿತು ಬರೆದ ಲೇಖನ ಇಂದಿಗೂ ಸ್ವಾರಸ್ಯವಾಗಿದೆ. ತಾಯಂದಿರು ಜೋಗುಳ ಹಾಡುವುದನ್ನು ಬಿಟ್ಟು ಕೂಸನ್ನು ಯಂತ್ರದಿಂದ ಮಲಗಿಸುವರು. ಹವ್ಯಾಸಿ ಹಾಡುಗಾರರು ಇಲ್ಲವಾಗುವರು ಎಂದು ಆತ ಭವಿಷ್ಯ ನುಡಿದ. ಶಾಸನಸಭೆಯ ಸಮಿತಿಯ ಮುಂದೆ ಇನ್ನೂ ಒಂದು ಹೆಜ್ಜೆ ಹೋಗಿ, ವಾನರನಿಗಿದ್ದ ಬಾಲ ಮನುಷ್ಯನಲ್ಲಿ ಉದುರಿಹೋದಂತೆ ಕೊರಳ ತಂತಿಗಳೂ ಬಳಕೆಯಿಲ್ಲದೆ ಉದುರಿಹೋಗುತ್ತವೆ ಎಂದ. ಅವನ ಹೆಸರಿನ ಬ್ಯಾಂಡಿನ ಮುದ್ರಿಕೆಗಳು ಆಗಲೇ ಧಾರಾಳವಾಗಿ ಮಾರಾಟವಾಗುತ್ತಿದ್ದವು. ಹಾಗೆಂದು ಅವನನ್ನು ಕಪಟಿ ಎನ್ನಬೇಕಿಲ್ಲ. ಬಾಲದ ಮಾತಿನ ಹಿಂದೆ ಒಂದು ನ್ಯಾಯದ ಪ್ರಶ್ನೆಯಿತ್ತು: ತಾನು ಕಟ್ಟಿದ ಸಂಗೀತವನ್ನು ಕಂಪನಿಗಳು ತಟ್ಟೆಗೆ ಕೊರೆದು ಮಾರುವಾಗ ಕಟ್ಟಿದವನಿಗೆ ಒಂದು ಕಾಸೂ ಬರುವುದಿಲ್ಲವೇಕೆ? 1909ರಲ್ಲಿ ಅಮೆರಿಕದ ಕಾನೂನು ಒಂದು ಪ್ರತಿಗೆ ಎರಡು ಸೆಂಟುಗಳಂತೆ ಸಂಗೀತ ರಚನಕಾರರಿಗೆ ಸಲ್ಲಬೇಕೆಂದು ವಿಧಿಸಿತು. ಕೊರಳ ತಂತಿಯನ್ನು ಕುರಿತ ಅವನ ಭವಿಷ್ಯ ಸುಳ್ಳಾಯಿತು. ಅವನು ಎತ್ತಿದ ಪ್ರಶ್ನೆ ನಿಂತಿತು.

ಇನ್ನು ನಮ್ಮ ದೇಶಕ್ಕೆ ಬರೋಣ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದಿಳಿದ. ಆ ವರ್ಷದ ನವೆಂಬರಿನಲ್ಲಿ ಗೌಹರ್ ಜಾನ್ ಅವನ ತುತ್ತೂರಿಯ ಮುಂದೆ ಹಾಡಿದಳು. ಅವಳು ಮುದ್ರಣಕ್ಕೆ ಬಂದಾಗಲೆಲ್ಲ ಹಿಂದಿನದನ್ನು ಮೀರಿಸುವ ಹೊಸ ಉಡುಪಿನಲ್ಲಿ ಬರುತ್ತಿದ್ದಳೆಂದೂ, ತೊಟ್ಟ ಒಡವೆಯನ್ನು ಮತ್ತೆ ತೊಡುತ್ತಿರಲಿಲ್ಲವೆಂದೂ ಗೈಸ್‌ಬರ್ಗ್ ಬೆರಗಿನಿಂದ ನೆನೆದಿದ್ದಾನೆ. ಮೇಣದ ತಟ್ಟೆಗೆ ಒಡವೆ ಕಾಣದು. ಆದರೂ ಆಕೆ ಆ ಯಂತ್ರವನ್ನು ಒಂದು ದರ್ಬಾರಿನಂತೆ ಗೌರವಿಸಿದಳು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ಅಚ್ಚಾಗಲು ಜರ್ಮನಿಯ ಹ್ಯಾನೋವರಿಗೆ ಹೋಗುವ ತಟ್ಟೆಗಳಲ್ಲಿ ಯಾರ ಹಾಡು ಯಾವುದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಾಗಿತ್ತು. ಕಾರಖಾನೆಯ ಅನುಕೂಲಕ್ಕೆ ಹುಟ್ಟಿದ ಆ ಕೂಗು ಕೇಳುಗರಿಗೆ ಒಂದು ಘೋಷಣೆಯಂತೆ ಕೇಳಿಸಿತು. ಯಾರ ಹೆಸರನ್ನು ಮಾನವಂತರು ಮೆಲುದನಿಯಲ್ಲಿ ಹೇಳುತ್ತಿದ್ದರೋ ಆ ಹೆಣ್ಣು ತನ್ನ ಹೆಸರನ್ನು ಎಲ್ಲರ ಮನೆಯ ಪಡಸಾಲೆಯಲ್ಲಿ ತಾನೇ ಹೇಳಿಕೊಂಡಳು.

ಇದು ಆಕಸ್ಮಿಕವಲ್ಲ. ಆ ಮೊದಲ ವರ್ಷಗಳಲ್ಲಿ ತುತ್ತೂರಿಯೊಳಗೆ ತಲೆಯಿಟ್ಟು ಹಾಡಲು ಧೈರ್ಯ ಮಾಡಿದವರಲ್ಲಿ ಬಹುಮಂದಿ ವೃತ್ತಿಗಾಯಕಿಯರು. ಅನೇಕ ಉಸ್ತಾದರಿಗೂ ವಿದ್ವಾಂಸರಿಗೂ ಈ ಪೆಟ್ಟಿಗೆ ಹೀನಾಯವಾಗಿ ಕಂಡಿತು. ಯಂತ್ರ ಕಂಠವನ್ನು ಹೀರಿಬಿಡುತ್ತದೆ ಎಂದು ಕೆಲವರು ಹೆದರಿದರು; ಬೀದಿಯ ಅಂಗಡಿಯಲ್ಲಿ ಕಂಡಕಂಡವರು ತಮ್ಮ ಹಾಡನ್ನು ಕೇಳುವರೆಂದು ಕೆಲವರು ನಾಚಿದರು. ಗಾಯಕಿಯರಿಗೆ ಕಳೆದುಕೊಳ್ಳುವ ಪ್ರತಿಷ್ಠೆಯನ್ನು ಸಮಾಜ ಉಳಿಸಿರಲಿಲ್ಲ. ಆದ್ದರಿಂದ ಅವರು ಹಾಡಿದರು. ಆದ್ದರಿಂದಲೇ ಅವರ ದನಿ ಉಳಿಯಿತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿದ ಗೌಹರ್ ಜಾನ್ ತನ್ನ ಕೊನೆಗಾಲದಲ್ಲಿ ಸೇರಿದ್ದು ನಮ್ಮ ಮೈಸೂರನ್ನು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ 1928ರಲ್ಲಿ ಆಕೆಗೆ ಸ್ಥಾನ ದೊರೆಯಿತು. 1930ರ ಜನವರಿ 17ರಂದು ಮೈಸೂರಿನಲ್ಲೇ ಆಕೆ ತೀರಿಕೊಂಡಳು. ಹೊಸ ಯಂತ್ರದ ಮುಂದೆ ಹೆದರದೆ ನಿಂತ ಆ ದಿಟ್ಟೆಗೆ ಕೊನೆಗೆ ನೆರಳು ಕೊಟ್ಟಿತೆಂಬುದು ಈ ನಾಡಿನ ಮಟ್ಟಿಗೆ ಒಂದು ಸಮಾಧಾನ.

ದೂರ ಉಳಿದವರ ಕಥೆಯೇನು? ಜೈಪುರ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಗ್ರಾಮಫೋನು ಭಾರತಕ್ಕೆ ಬಂದು ನಲವತ್ತು ವರ್ಷ ಕಳೆದಿದ್ದರೂ ಅವರ ಒಂದು ಮುದ್ರಿಕೆಯೂ ಇಲ್ಲ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ ಭಾಸ್ಕರಬುವಾ ಬಖಲೆಯವರು 1922ರಲ್ಲಿ ತೀರಿಕೊಂಡರು. ಅವರ ಗಾಯನವೂ ಶಿಷ್ಯರ ನೆನಪಿನಲ್ಲಿ ಹಾಡಿ ಮುಗಿಯಿತು. ಇಂಥವರನ್ನು ಹಳೆಯ ಕಾಲದ ಮಡಿವಂತರೆಂದು ತಳ್ಳಿಹಾಕುವುದು ಅನ್ಯಾಯ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವವರ ಮುಂದೆ ಮೂರು ನಿಮಿಷದ ತಟ್ಟೆ ಇಟ್ಟು ಹಾಡಿ ಎಂದರೆ ಅವರೇನು ಮಾಡಬೇಕು? ಮೂರು ನಿಮಿಷದಲ್ಲಿ ತಂಬೂರಿಯ ಶ್ರುತಿಯೂ ಅವರ ಮನಸ್ಸಿಗೆ ಒಪ್ಪುವಂತೆ ಕೂಡುತ್ತಿರಲಿಲ್ಲ. ಮೇಲಾಗಿ, ವರ್ಷಗಟ್ಟಲೆ ಗುರುವಿನ ಮನೆಯ ನೀರು ಹೊತ್ತು ಕಲಿತ ಚೀಜುಗಳನ್ನು ಎರಡು ರೂಪಾಯಿ ಮೂರು ರೂಪಾಯಿಗೆ ಅಂಗಡಿಯಲ್ಲಿ ಯಾರು ಬೇಕಾದರೂ ಕೊಂಡೊಯ್ಯುವಂತಾಗುವುದು ಆ ವಿದ್ಯೆಯ ನಿಯಮಕ್ಕೇ ವಿರುದ್ಧವಾಗಿತ್ತು. ಅವರ ಆಕ್ಷೇಪ ಸಕಾರಣವಾದದ್ದು. ಆದರೆ ಆ ಸಕಾರಣವಾದ ಆಕ್ಷೇಪಕ್ಕೆ ನಾವು ತೆತ್ತ ಬೆಲೆಯೂ ಸುಳ್ಳಲ್ಲ. ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಭುರ್ಜೀಖಾನರಲ್ಲಿ ಕಲಿತ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಹಾಡುವಾಗ, ಈ ಹೊಳೆಯ ಮೂಲದಲ್ಲಿ ನೀರಿನ ರುಚಿ ಹೇಗಿತ್ತೋ ಎಂದು ಕೇಳುಗನಿಗೆ ಅನ್ನಿಸುತ್ತದೆ. ಅದಕ್ಕೆ ಉತ್ತರವಿಲ್ಲ.

ಇದೇ ಕಾಲದಲ್ಲಿ ಅದೇ ಪೆಟ್ಟಿಗೆ ಇನ್ನೊಂದು ಕಡೆ ಇನ್ನೊಂದು ಕೆಲಸ ಮಾಡಿತು. ಗದುಗಿನ ಒಂದು ಅಂಗಡಿಯ ಮುಂದೆ ಶಾಲೆಯ ಹುಡುಗನೊಬ್ಬ ನಿಂತು ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳುತ್ತಿದ್ದ. ಆ ದನಿ ಅವನನ್ನು ಮನೆಯಲ್ಲಿ ನಿಲ್ಲಗೊಡಲಿಲ್ಲ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟು ಓಡಿದ. ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಕರೀಂ ಖಾನರ ಶಿಷ್ಯರೇ ಆದ ಸವಾಯಿ ಗಂಧರ್ವರ ಪಾದ ಸೇರಿದ. ಆ ಹುಡುಗನೇ ಭೀಮಸೇನ ಜೋಶಿ. ಗುರುಕುಲವನ್ನು ಕೆಡಿಸುತ್ತದೆಂದು ಹಿರಿಯರು ಶಂಕಿಸಿದ ಯಂತ್ರವೇ ಒಬ್ಬ ಶಿಷ್ಯನನ್ನು ಗುರುಕುಲದ ಬಾಗಿಲಿಗೆ ಓಡಿಸಿತು. ಎಡಿಸನ್ನನ ಹತ್ತು ಉಪಯೋಗಗಳ ಪಟ್ಟಿಯಲ್ಲಿ ಇದೊಂದು ಇರಲಿಲ್ಲ.

ಪೆಟ್ಟಿಗೆಗೂ ಪೆಟ್ಟಿಗೆಗೂ ಆಗದಿರುವುದೂ ಉಂಟು. ರೇಡಿಯೋ ಎಂಬ ಹೊಸ ಪೆಟ್ಟಿಗೆ ಹಾರ್ಮೋನಿಯಂ ಎಂಬ ಹಳೆಯ ಪೆಟ್ಟಿಗೆಯನ್ನು 1940ರ ಮಾರ್ಚ್ ಒಂದರಿಂದ ತನ್ನ ಮನೆಯಿಂದ ಹೊರಗಟ್ಟಿತು. ಅದರ ಕಟ್ಟಿದ ಸ್ವರಗಳಿಗೆ ನಮ್ಮ ಗಮಕ, ಮೀಂಡುಗಳು ಒಲಿಯುವುದಿಲ್ಲ ಎಂಬುದು ಕಾರಣ. ರವೀಂದ್ರನಾಥ ಠಾಕೂರರೂ ಆ ಬಹಿಷ್ಕಾರವನ್ನು ಬೆಂಬಲಿಸಿದರು. 1971ರವರೆಗೆ ಬಾಗಿಲು ತೆರೆಯಲಿಲ್ಲ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಮೂವತ್ತೊಂದು ವರ್ಷವೂ ನಮ್ಮ ಕಂಪನಿ ನಾಟಕಗಳ ರಂಗದ ಮುಂದೆ ಕಾಲುಪೆಟ್ಟಿಗೆ ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು. ಭಜನೆಯ ಮನೆಗಳಲ್ಲಿ ಕೈಪೆಟ್ಟಿಗೆ ಉಸಿರಾಡುತ್ತಲೇ ಇತ್ತು. ಪ್ಯಾರಿಸ್ಸಿನಲ್ಲಿ ಹುಟ್ಟಿದ ಆ ವಾದ್ಯ ನಮ್ಮದಾಗಿ ಎಷ್ಟೋ ಕಾಲವಾಗಿತ್ತೆಂಬುದು ಆಜ್ಞೆ ಬರೆದವರಿಗೆ ತಿಳಿಯಲಿಲ್ಲ.

ಸೂಸಾ ಹೆದರಿದ್ದು ಜೋಗುಳ ನಿಂತೀತೆಂದು. ನಮ್ಮಲ್ಲಿ ಹೆಣ್ಣುಮಕ್ಕಳ ಹಾಡು ಕಡಿಮೆಯಾದದ್ದು ನಿಜ. ಆದರೆ ಅದನ್ನು ಕಡಿಮೆ ಮಾಡಿದ್ದು ಹಾಡುವ ಪೆಟ್ಟಿಗೆಯೇ? ನನಗನ್ನಿಸುವಂತೆ ಅದಕ್ಕಿಂತ ಹೆಚ್ಚಿನ ಪಾಲು ಹಿಟ್ಟಿನ ಗಿರಣಿಯದು. ಬೆಳಗಿನ ಜಾವದಲ್ಲಿ ಬೀಸುವ ಕಲ್ಲಿನ ಗೂಟ ಹಿಡಿದು ಹಾಡುತ್ತಿದ್ದ ಸಾವಿರಾರು ತ್ರಿಪದಿಗಳಿಗೆ ಆ ಕಲ್ಲಿನ ಸುತ್ತೇ ಛಂದಸ್ಸು, ಆ ದಣಿವೇ ಪ್ರೇರಣೆ. ಗಿರಣಿ ಬಂತು; ರಟ್ಟೆಗೆ ವಿಶ್ರಾಂತಿ ಸಿಕ್ಕಿತು; ಹಾಡಿಗೆ ಕೂರಲು ಕಲ್ಲಿಲ್ಲದಾಯಿತು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಗ್ರಹವನ್ನು ಪ್ರಕಟಿಸದೆ ಇದ್ದಿದ್ದರೆ ಎಷ್ಟು ಹಾಡುಗಳು ಹಿಟ್ಟಿನ ಧೂಳಿನಲ್ಲಿ ಸೇರಿಹೋಗುತ್ತಿದ್ದವೋ! ಗಿರಣಿಯನ್ನು ಕಂಡು ಅದು ಕಾವ್ಯದ ಶತ್ರುವೆಂದು ಯಾರೂ ಲೇಖನ ಬರೆಯಲಿಲ್ಲ, ಯಾರೂ ಅದರ ಕೊರಳಪಟ್ಟಿ ಹಿಡಿಯಲಿಲ್ಲ. ಹಾಗೆಂದು ಗಿರಣಿ ಬೇಡವಾಗಿತ್ತೆಂದು ಹೇಳುವ ಹಕ್ಕು ಬೀಸಿ ಬೊಬ್ಬೆಯೆದ್ದ ಕೈಗಳಿಗಲ್ಲದೆ ನಮಗಿಲ್ಲ. ಆ ಕೈಗಳು ಗಿರಣಿಯನ್ನು ಸ್ವಾಗತಿಸಿದವು. ನಾನು ಹೇಳುವುದಿಷ್ಟೆ: ಸದ್ದು ಮಾಡುವ ಯಂತ್ರದ ಮೇಲೆ ನಮ್ಮ ಕಣ್ಣೆಲ್ಲ ಇರುವಾಗ, ಬದುಕನ್ನು ನಿಜವಾಗಿ ಬದಲಿಸುವ ಯಂತ್ರ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿರುತ್ತದೆ.

ಇಂದಿನ ಪತ್ರಿಕೆಗಳಲ್ಲಿ ದಿನಕ್ಕೊಂದು ಹೊಸ ಉಪಕರಣದ ಸುದ್ದಿ. ಅಂಗೈಯಗಲದ ಫೋನಿನಲ್ಲಿ ಗಡಿಯಾರ, ರೇಡಿಯೋ, ಗ್ರಾಮಫೋನು, ಅಂಚೆ ಕಚೇರಿಗಳೆಲ್ಲ ಒಂದೇ ಮನೆಯ ಬಾಡಿಗೆದಾರರಂತೆ ಸೇರಿಕೊಂಡಿವೆ. ಕರೆದರೆ ಓಗೊಡುವ ಪೆಟ್ಟಿಗೆಗಳಿವೆ. ಮನೆಯವರು ಕರೆದರೆ ಓಗೊಡದ ಮಕ್ಕಳು ಅವುಗಳೊಡನೆ ಹರಟುತ್ತಾರೆ. ಇದಕ್ಕೆಲ್ಲ ನಗುವುದು ತಪ್ಪಲ್ಲ. ನಗು ನಮ್ಮನ್ನು ಮರುಳಾಗದಂತೆ ಕಾಯುತ್ತದೆ. ಆದರೆ ಒಂದು ವಿಚಾರದಲ್ಲಿ ಡಾಕ್ಟರ್ ಬುಯೊ ಈಗ ಬೇರೆಯೇ ಬೆಳಕಿನಲ್ಲಿ ಕಾಣುತ್ತಾರೆ. 1878ರ ಯಂತ್ರ ಆಡಿದ ಮಾತನ್ನಷ್ಟೇ ಮರಳಿ ಆಡುತ್ತಿತ್ತು. ಇಂದಿನ ಯಂತ್ರವಾದರೋ ಒಬ್ಬರ ದನಿಯ ಮಾದರಿಯನ್ನು ಕೇಳಿ, ಅವರು ಎಂದೂ ಆಡದ ಮಾತನ್ನು ಅವರದೇ ದನಿಯಲ್ಲಿ ಆಡಬಲ್ಲುದು. ತೀರಿಕೊಂಡ ಗಾಯಕರ ಕಂಠದಲ್ಲಿ ಹೊಸ ಹಾಡು ಹಾಡಿಸಬಲ್ಲುದು. ಇದು ಯಾರ ಮಾತು, ಆಡಿದವರು ಎಲ್ಲಿ ಎಂದು ಕೊರಳಪಟ್ಟಿ ಹಿಡಿದು ಕೇಳುವ ಮುದುಕರೊಬ್ಬರು ಇಂದು ಪ್ರತಿ ಸಭೆಯಲ್ಲಿಯೂ ಬೇಕು. ಅಂದು ಹೊತ್ತಲ್ಲದ ಹೊತ್ತಿನಲ್ಲಿ ಬಂದ ಪ್ರಶ್ನೆಗೆ ಇಂದು ಹೊತ್ತು ಬಂದಿದೆ. ಅದರ ಜೊತೆಗೇ ಸೂಸಾನ ಪ್ರಶ್ನೆಯೂ ಮರಳಿದೆ: ಯಾರ ಕಂಠದಿಂದ ಯಂತ್ರ ಕಲಿಯಿತೋ ಅವರಿಗೆ ಸಲ್ಲಬೇಕಾದುದು ಏನು?

ಆದ್ದರಿಂದ ಹೊಸ ಯಂತ್ರವನ್ನು ಕಂಡಾಗ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೂಡಲೇ ತೀರ್ಪು ಕೊಡುವುದಕ್ಕಿಂತ, ಅದು ಯಾರ ದನಿಯನ್ನು ಉಳಿಸುತ್ತದೆ, ಯಾರ ದನಿಯನ್ನು ಕಳೆಯುತ್ತದೆ, ಅದರ ಫಲ ಯಾರ ಕೈಸೇರುತ್ತದೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರ. ಈ ಪ್ರಶ್ನೆಗಳಿಗೆ ಹೋಟೆಲಿನ ಮೇಜಿನ ಮುಂದೆ ಹತ್ತು ನಿಮಿಷದಲ್ಲಿ ಉತ್ತರ ಸಿಕ್ಕುವುದಿಲ್ಲ. ಇನ್ನೆರಡು ಲೋಟ ಕಾಫಿ ಬೇಕಾದೀತು.

ಮಾತನಾಡುವ ಪೆಟ್ಟಿಗೆಯ ಕಥೆಯನ್ನು ಮುಗಿಸುವ ಮೊದಲು ಇನ್ನೊಂದು ಸಂಗತಿ. 1977ರಲ್ಲಿ ಅಮೆರಿಕದವರು ದೂರದ ಗ್ರಹಗಳತ್ತ ವಾಯೇಜರ್ ಎಂಬ ಎರಡು ನೌಕೆಗಳನ್ನು ಕಳಿಸಿದರು. ಮುಂದೆಂದಾದರೂ ಅನ್ಯಲೋಕದ ಜೀವಿಗಳ ಕೈಗೆ ಸಿಕ್ಕರೆ ಇರಲಿ ಎಂದು, ಪ್ರತಿ ನೌಕೆಯಲ್ಲಿಯೂ ಭೂಮಿಯ ಸದ್ದುಗಳನ್ನು ತುಂಬಿದ ಒಂದು ತಟ್ಟೆಯನ್ನಿಟ್ಟರು. ಅದು ಚಿನ್ನದ ಲೇಪವಿರುವ ತಾಮ್ರದ ಗ್ರಾಮಫೋನು ಪ್ಲೇಟು. ಜೊತೆಗೆ ನುಡಿಸಲು ಮುಳ್ಳನ್ನೂ ಇಟ್ಟಿದ್ದಾರೆ. ಭಾರತದ ಸಂಗೀತದಿಂದ ಅದಕ್ಕೆ ಆರಿಸಿದ್ದು ಕೇಸರಬಾಯಿ ಕೇರ್ಕರರು ಹಾಡಿದ ಒಂದು ಭೈರವಿಯನ್ನು. ಅದರ ಅವಧಿ ಮೂರೂವರೆ ನಿಮಿಷ. ಕೇಸರಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಮೂರು ನಿಮಿಷದ ತಟ್ಟೆಗೆ ಒಪ್ಪದೆ ಉಳಿದ ಗುರುವಿನ ವಿದ್ಯೆ ಶಿಷ್ಯೆಯ ಮೂರೂವರೆ ನಿಮಿಷದ ತಟ್ಟೆಯಲ್ಲಿ ಆಕಾಶಕ್ಕೆ ಹೋಯಿತು. ಎರಡನೆಯ ನೌಕೆ ಸೆಪ್ಟೆಂಬರ್ 5ರಂದು ಹೊರಟಿತು. ಹನ್ನೊಂದು ದಿನಗಳ ಮೇಲೆ, ಸೆಪ್ಟೆಂಬರ್ 16ರಂದು, ಕೇಸರಬಾಯಿ ತೀರಿಕೊಂಡರು. ಆ ನೌಕೆ 2012ರಲ್ಲಿ ಸೂರ್ಯನ ಮಾರುತ ಬೀಸುವ ಎಲ್ಲೆಯನ್ನೂ ದಾಟಿ ನಕ್ಷತ್ರಗಳ ನಡುವಣ ಬಯಲಿಗೆ ಕಾಲಿಟ್ಟಿದೆ. ಐವತ್ತೈದು ಭಾಷೆಗಳ ಶುಭಾಶಯಗಳು ಆ ತಟ್ಟೆಯಲ್ಲಿವೆ. ಅವುಗಳಲ್ಲಿ ಒಂದು ಕನ್ನಡ.